ಭಾವನ ಉಂಗುರದ ಅಕ್ಷರ

ನಾನು ಮಾಡುವ ಉಂಗುರಕ್ಕೆ ಮೈ ಬೇರೆ, ತಲೆ ಬೇರೆ. ಮೈ ಅಂದರೆ ಬೆರಳಿಗೆ ಹೋಗುವ ಬೆಳ್ಳಿಯ ಸುತ್ತು. ತಲೆ ಅಂದರೆ ಉಗುರಿಗಿಂತ ಸಣ್ಣ ತಟ್ಟೆ. ಸುತ್ತಿನ ಮೇಲೆ ಎದುರುಬದುರಾಗಿ ಎರಡು ಅಂಚು ಎಬ್ಬಿಸಿರುತ್ತೇನೆ. ತಟ್ಟೆಯನ್ನು ಪಕ್ಕದಿಂದ ಅವುಗಳ ನಡುವೆ ಸರಿಸಿದರೆ, ಬೆಂಕಿಪೆಟ್ಟಿಗೆಯ ಖಾನೆ ಒಳಗೆ ಹೋದ ಹಾಗೆ ಹೋಗಿ ಕಟ್ ಎಂದು ಕೂರುತ್ತದೆ. ಇವತ್ತು ಕೆಂಪು ಕಲ್ಲಿನ ತಟ್ಟೆ, ನಾಳೆ ಹಸಿರು ಸೀರೆ ಉಟ್ಟರೆ ಹಸಿರಿನದು. ಕಲ್ಲು ಬೇಡವಾದರೆ ಹೆಸರಿನ ಮೊದಲ ಅಕ್ಷರ ಕೊರೆದದ್ದು.

ಮೊದಲನೆಯದನ್ನು ಅಪ್ಪನಿಗೆ ತೋರಿಸಿದಾಗ ಅವನು ಕನ್ನಡಕ ಹಣೆಗೇರಿಸಿ, ತಟ್ಟೆಯನ್ನು ಒಳಗೆ ಹೊರಗೆ ಸರಿಸಿ ನೋಡಿ, "ಇದು ಉಂಗುರಾನೋ, ಟ್ರಂಕೋ?" ಅಂದ.

"ಟ್ರಂಕಂತ ತಿಳಕೋ. ಹುಡುಗ್ಯಾರು ಕೇಳಾಕತ್ತಾರ."

"ಕೇಳ್ತಾರ ಕೇಳ್ತಾರ. ನಾಳೆ ಕೀಲಿನೂ ಕೇಳ್ತಾರ."

ಅಪ್ಪ ಸವಣೂರಿನಲ್ಲಿ ಪತ್ತಾರ, ಬೆಳ್ಳಿ ಬಂಗಾರದ ಕೆಲಸದವನು. ಮನೆಯ ಮುಂದಿನ ಖೋಲಿಯೇ ಅಂಗಡಿ. ಪಿಯುಸಿ ಮುಗಿದ ಮೇಲೆ ನಾನು ಅವನ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಕೊಂಡೆ. ಚಿತ್ರ ಬರೆಯುವುದು, ಮೇಣದ ಅಚ್ಚು ಕೆತ್ತುವುದು ನನ್ನದು. ಕರಗಿಸುವುದು, ಬೆಸುಗೆ ಮೊದಮೊದಲು ಅವನದು, ಆಮೇಲೆ ನನ್ನದೂ. ನನಗೆ ದಿನಚರಿ ಬರೆಯುವ ಚಟ ಮೊದಲಿನಿಂದ ಇದೆ. ತಾರೀಖು, ಎಷ್ಟು ಚಿತ್ರ, ಯಾವ ಕಲ್ಲು, ಯಾವ ಅಕ್ಷರ, ಯಾವ ಊರಿನ ಗಿರಾಕಿ. ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ಇರುವುದಿಲ್ಲ. ಶಿಗ್ಗಾಂವಿಯ ಕಾಲೇಜು ಹುಡುಗಿಯರಿಗೆ ಇಂಗ್ಲಿಷಿನ ಎಸ್ ಮತ್ತು ಎಂ ಹೆಚ್ಚು ಬೇಕು. ಹಾನಗಲ್ಲಿನವರು ಬಿಳಿ ಕಲ್ಲು ಕೇಳುತ್ತಾರೆ. ಇಂಥವು.

ತಟ್ಟೆಯ ತಳಕ್ಕೆ ತೂತು ಬಂದದ್ದು ಹತ್ತಿಮತ್ತೂರಿನ ರೈತರೊಬ್ಬರಿಂದ. ಅವರಿಗೆ ಜ್ಯೋತಿಷಿ ಹಳದಿ ಕಲ್ಲು ಹೇಳಿದ್ದರಂತೆ. ನಾನು ಕೊಟ್ಟ ಉಂಗುರವನ್ನು ಅವರು ಮಗುಚಿ ನೋಡಿ, "ತಂಗಿ, ಕಲ್ಲು ಮೈಗೆ ತಾಗಬೇಕವ್ವ. ಇದಕ್ಕ ನೀ ಕೆಳಗ ಪತ್ರಾಸ ಹೊಡದು ಮುಚ್ಚೀದಿ. ಗ್ರಹ ಒಳಗ ಹೆಂಗ ಇಳೀತೈತಿ?" ಅಂದರು. ಅಪ್ಪ ನಕ್ಕ. ನಾನು ತಟ್ಟೆಯ ತಳಕ್ಕೆ ಒಂದು ತೂತು ಕೊರೆದೆ. ಆಮೇಲೆ ಎಲ್ಲ ತಟ್ಟೆಗೂ, ಅಕ್ಷರದ ತಟ್ಟೆಗೂ, ಕೊರೆಯತೊಡಗಿದೆ. ಬಿಗಿಯಾಗಿ ಕೂತ ತಟ್ಟೆಯನ್ನು ಕೆಳಗಿನಿಂದ ಸೂಜಿಯಲ್ಲಿ ಮೀಟಿ ಸರಿಸುವುದಕ್ಕೆ ಅದೇ ತೂತು ಅನುಕೂಲವಾಯಿತು.

ಅಕ್ಕನ ನಿಶ್ಚಯಕ್ಕೆ ಎರಡೂ ಉಂಗುರ ನಾನೇ ಮಾಡಿದೆ. ನಮ್ಮ ಕಡೆ ಹುಡುಗನ ಉಂಗುರದಲ್ಲಿ ಹುಡುಗಿಯ ಅಕ್ಷರ, ಹುಡುಗಿಯ ಉಂಗುರದಲ್ಲಿ ಹುಡುಗನ ಅಕ್ಷರ ಇರಬೇಕು. ಇಂಗ್ಲಿಷು ಬೇಡವೆಂದು ಕನ್ನಡದಲ್ಲೇ ಕೊರೆದೆ. ಅಕ್ಕನದು ಗ. ತಲೆಕಟ್ಟಿನ ತುದಿ ಅಂಗಿಯ ತೋಳಿಗೆ ಸಿಕ್ಕಬಾರದೆಂದು ಅದನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದು ನೆನಪಿದೆ. ಭಾವನ ಊರು ಹಿರೇಕೆರೂರು. ಅವರೂ ಪತ್ತಾರರೇ, ಆದರೆ ಅವರ ತಂದೆಯ ಕಾಲಕ್ಕೇ ಕುಲುಮೆ ಬಿಟ್ಟು ಪಂಪಿನ ಮೋಟರ್ ಕಟ್ಟುವ ಅಂಗಡಿ ಇಟ್ಟಿದ್ದರು. ಸುಟ್ಟ ಮೋಟರಿನ ತಂತಿಯ ಕಾಯಿಲ್ ಬಿಚ್ಚಿ, ಹೊಸ ತಂತಿ ಸುತ್ತಿ, ಅದು ಅಲುಗದಂತೆ ವಾರ್ನಿಶ್ ಎರೆದು ಒಣಗಿಸುವುದು ಅವರ ಕೆಲಸ. ಭಾವ ಬಂದರೆ ಮೊದಲು ವಾರ್ನಿಶ್ ವಾಸನೆ ಬರುತ್ತಿತ್ತು, ಆಮೇಲೆ ಭಾವ.

ಉಂಗುರ ಬದಲಿಸುವಾಗ ಅಕ್ಕ ಎಲ್ಲರಿಗೂ ಕೇಳುವಂತೆ, "ಭಾಳ ಸೋವಿ ಆತು. ಜಗಳ ಆದ್ರ ಉಂಗುರ ಬಿಚ್ಚೂದು ಬ್ಯಾಡ, ತಟ್ಟಿ ಬದಲಿ ಮಾಡಿದ್ರ ಮುಗೀತು" ಅಂದಳು.

"ಬಾಯಾಗ ಒಳ್ಳೇದು ಬರಲಿ" ಎಂದು ಅವ್ವ ಗದರಿದಳು.

"ನಾ ಬದಲಿ ಮಾಡಂಗಿಲ್ರಿ ಅತ್ತಿ" ಅಂದ ಭಾವ. "ನನಗ ತಟ್ಟಿ ತಗಿಯಾಕ ಬರಂಗಿಲ್ಲ." ಎಲ್ಲರೂ ನಕ್ಕರು.

ಮದುವೆಯಾಗಿ ಒಂದು ಕೂಸಾಯಿತು, ಹೆಣ್ಣು. ಕೂಸು ನಡೆಯಲು ಕಲಿತ ವರ್ಷ ಅಕ್ಕನಿಗೆ ಜ್ವರ ಬಂದು, ಹುಬ್ಬಳ್ಳಿಗೆ ಒಯ್ದು, ಅಲ್ಲಿಂದ ಅವಳು ಮರಳಲಿಲ್ಲ. ಆ ದಿನದ ತಾರೀಖಿನ ಕೆಳಗೆ ನಾನು ಬರೆದದ್ದು ಇಷ್ಟು: ಅಂಗಡಿ ಬಂದ್. ಚಿತ್ರ ಇಲ್ಲ. ಮಾರನೇ ದಿನವೂ ಹಾಗೇ ಇದೆ. ಅಳಬೇಕೆಂದು ಕೂತರೂ ಬರಲಿಲ್ಲ. ಮಂದಿ ಬಂದು ಹೋಗುವಾಗ ನಾನು ಚಹಾದ ಕಪ್ಪು ತೊಳೆದೆ. ಅಂಗಡಿ ತೆರೆದ ದಿನ ಎಂದಿನ ಹಾಗೆ ಮೇಣ ಕೆತ್ತಿದೆ. ಕೈ ಸರಿಯಾಗಿಯೇ ಇತ್ತು.

ಕೂಸು ನಮ್ಮ ಮನೆಗೆ ಬಂತು. ನನ್ನನ್ನು ಚಿಗವ್ವ ಎಂದು ಕರೆಯಲು ಕಲಿಯಿತು. ನನ್ನ ಮಣೆಯ ಪಕ್ಕ ಕೂತು ಮಾದರಿ ಉಂಗುರಗಳ ತಟ್ಟೆ ಸರಿಸುವುದೇ ಅದರ ಆಟ. ಕಟ್ ಎಂದು ಒಳಗೆ, ಕಟ್ ಎಂದು ಹೊರಗೆ. ತೆಗೆದ ತಟ್ಟೆಗಳನ್ನು ಒಂದು ಬಟ್ಟಲಿಗೆ ಹಾಕುತ್ತಿತ್ತು. ಅವುಗಳನ್ನು ಮತ್ತೆ ಆಯಾ ಉಂಗುರಕ್ಕೆ ಜೋಡಿಸುವುದು ನನ್ನ ಸಂಜೆಯ ಕೆಲಸ. ರಾತ್ರಿ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗುತ್ತಿತ್ತು.

ಅಕ್ಕನ ವರ್ಷದ ಕಾರ್ಯ ಮುಗಿದ ಮೇಲೆ ಅವ್ವ ಒಂದು ಮಧ್ಯಾಹ್ನ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ನನ್ನೆದುರು ಕೂತಳು.

"ಹಿರೇಕೆರೂರಿನ ಬೀಗತಿ ಫೋನ್ ಮಾಡಿದ್ರು. ಮಗಗ ಹೆಣ್ಣು ನೋಡಬೇಕಂತಾರ. ಹೊರಗಿನಾಕಿ ಬಂದ್ರ ಕೂಸಿನ್ನ ಹೆಂಗ ನೋಡಿಕೊಂತಾಳೋ ಏನೋ, ನಿಮ್ಮ ಸಣ್ಣಾಕಿನ್ನ ಕೊಡ್ರಿ ಅಂದ್ರು."

ಅಕ್ಕನ ಜಾಗಕ್ಕೆ ತಂಗಿ ಹೋಗುವುದು ನಮ್ಮಲ್ಲಿ ಹೊಸದಲ್ಲ. ಅವ್ವನ ಸೋದರತ್ತೆಯೇ ಹಾಗೆ ಹೋದವಳು.

"ನಾ ಜುಲುಮಿ ಮಾಡಂಗಿಲ್ಲ. ಆದ್ರ ನೀ ಒಲ್ಲೆ ಅಂದ್ರ ಕೂಸು ಅಲ್ಲಿಗೆ ಹೋಗತೈತಿ. ಮೊಮ್ಮಗಳು ಅವರಿಗೂ ಬೇಕಲ್ಲ."

"ಹೂಂ" ಅಂದೆ. ಅದನ್ನು ಅವ್ವ ಒಪ್ಪಿಗೆ ಎಂದು ತಿಳಿದಳು. ತಪ್ಪು ತಿಳಿದಳು ಎನ್ನಲೂ ನನಗೆ ಬರುವುದಿಲ್ಲ. ಬೇಕು ಅನ್ನಿಸಿರಲಿಲ್ಲ, ಬೇಡ ಅನ್ನಿಸಿರಲಿಲ್ಲ. ಕೂಸು ಹೋಗುತ್ತದೆ ಎಂಬ ಮಾತು ಮಾತ್ರ ಒಳಗೆ ಎಲ್ಲೋ ಹೋಗಿ ಕೂತಿತ್ತು. ಭಾವ ಕೆಟ್ಟವನಲ್ಲ. ಅವನ ಮುಖ ನೆನಪು ಮಾಡಿಕೊಂಡರೆ ಅದರ ಪಕ್ಕದಲ್ಲಿ ಅಕ್ಕನ ಮುಖ ಬರುತ್ತಿತ್ತು, ಅಷ್ಟೇ.

ಹಬ್ಬ ಮುಗಿದ ಮೇಲೆ ಕುಂಕುಮ ಹಚ್ಚಿ ಸಂಬಂಧ ಗಟ್ಟಿ ಮಾಡುವುದೆಂದು ಹಿರಿಯರು ಮಾತಾಡಿಕೊಂಡರು. ಅವ್ವ ಟ್ರಂಕಿನಿಂದ ಅಕ್ಕನ ಉಂಗುರ ತೆಗೆದು ಕೊಟ್ಟಳು. "ಇದನ್ನ ತೊಳದು ಇಡು. ಇದರಾಗ ಅವರ ಅಕ್ಷರ ಐತಿ, ನಿನಗ ಹಂಗ ನಡೀತೈತಿ. ಬದಲಿ ಮಾಡೂದು ಅವರ ಉಂಗುರದ್ದು ಒಂದ." ಲೆಕ್ಕ ಸರಿಯಾಗಿಯೇ ಇತ್ತು. ಇಂಥ ಕೆಲಸಕ್ಕೆಂದೇ ಆ ಉಂಗುರ ಮಾಡಿದ ಹಾಗಿತ್ತು.

ಅಂಟವಾಳದ ನೀರು ಕಾಯಿಸಿ ಅಕ್ಕನ ಉಂಗುರವನ್ನು ಅದರಲ್ಲಿ ಬಿಟ್ಟೆ. ತಟ್ಟೆಯ ಕೆಳಗಿನ ತೂತಿನಿಂದ ಬೆಳ್ಳಗೆ ಏನೋ ಸಣ್ಣಗೆ ಬಿಚ್ಚಿಕೊಂಡು ಮೇಲೆ ಬಂತು. ಜೋಳದ ಹಿಟ್ಟು. ಉಂಗುರ ತೆಗೆಯದೇ ಅವಳು ರೊಟ್ಟಿ ಬಡಿಯುತ್ತಿದ್ದಳು. ನೀರು ತಣ್ಣಗಾಗುವವರೆಗೆ ನೋಡಿ, ಬಚ್ಚಲಿಗೆ ಚೆಲ್ಲಿದೆ. ಉಂಗುರ ನನಗೆ ದೊಡ್ಡದಾಗುತ್ತಿತ್ತು. ಕೆಳಗೆ ದಾರ ಸುತ್ತಿಕೊಂಡರೆ ಸರಿಹೋಗುತ್ತಿತ್ತು.

ಆಮೇಲೆ ನನ್ನ ಅಕ್ಷರದ ತಟ್ಟೆಗೆ ಕೂತೆ. ನನ್ನದು ರ. ಅದು ಗುಂಡಗೆ ಇದ್ದು ತಟ್ಟೆಯನ್ನು ಪೂರಾ ತುಂಬುತ್ತದೆ. ಕೊರೆಯಲು ಸುಲಭದ ಅಕ್ಷರ. ದಿನಚರಿಯಲ್ಲಿ ಹಿರೇಕೆರೂರು, ಅಕ್ಷರ ಒಂದು ಎಂದು ಬರೆದೆ. ಗಿರಾಕಿಯ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ ಖಾಲಿ ಬಿಟ್ಟೆ.

ಒಂದು ಗುರುವಾರ ಭಾವನೇ ಬಂದ, ಮೋಟರಿನ ಸಾಮಾನು ತರಲು ಹುಬ್ಬಳ್ಳಿಗೆ ಹೊರಟವನು. ಕೂಸಿಗೆ ತಿನ್ನಲು ಖಾರದಾಣಿ ತಂದಿದ್ದ. ಕೂತ, ಚಹಾ ಕುಡಿದ. ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಎದ್ದು ನಿಂತ ಮೇಲೆ ಬೆರಳಿಗೆ ಎಣ್ಣೆ ಕೇಳಿದ. ಎಣ್ಣೆ ಹಚ್ಚಿ, ತಿರುಗಿಸಿ ತಿರುಗಿಸಿ ಉಂಗುರ ತೆಗೆದು ನನ್ನ ಮಣೆಯ ಮೇಲಿಟ್ಟ.

"ಅವ್ವ ಕೊಟ್ಟು ಬಾ ಅಂದ್ಲು" ಅಂದ. "ಅರ್ಜಂಟ್ ಏನಿಲ್ಲ."

ಅವನು ಹೋದ ಮೇಲೆ ಉಂಗುರವನ್ನು ಮರದ ಹಿಡಿಕೆಗೆ ಸಿಕ್ಕಿಸಿ ತಟ್ಟೆಯನ್ನು ಪಕ್ಕಕ್ಕೆ ಒತ್ತಿದೆ. ಸರಿಯಲಿಲ್ಲ. ಕೆಳಗಿನ ತೂತಿಗೆ ಸೂಜಿ ಹಾಕಿದರೆ ಸೂಜಿ ಒಳಗೆ ಹೋಗಲಿಲ್ಲ. ಎಣ್ಣೆ ಒರೆಸಿ ಭೂತಗನ್ನಡಿಯಲ್ಲಿ ನೋಡಿದೆ. ತೂತು ಕಂದು ಬಣ್ಣದ, ಗಾಜಿನಂಥ ಏನೋ ತುಂಬಿ ಮುಚ್ಚಿಹೋಗಿತ್ತು. ಎರಡೂ ಅಂಚಿನ ಸಂದಿಯಲ್ಲಿ ಅದೇ. ಮೂಗಿನ ಹತ್ತಿರ ಹಿಡಿದೆ. ವಾರ್ನಿಶ್.

ಕೆಲಸದಲ್ಲಿ ತಗಲಿದ್ದಾದರೆ ಮೇಲೆಲ್ಲ ತಗಲಬೇಕಿತ್ತು. ಇದನ್ನು ಕಡ್ಡಿಯ ತುದಿಯಿಂದ ಹನಿ ಹನಿಯಾಗಿ ಬಿಟ್ಟಿದ್ದರು. ಅಕ್ಷರದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಸಂಜೆ ಭಾವನಿಗೆ ಫೋನ್ ಮಾಡಿದೆ.

"ಮಾಮಾ, ಉಂಗುರದಾಗ ವಾರ್ನಿಶ್ ಐತಿ."

"ಹೂಂ. ನಾನ ಹಾಕಿದ್ದು."

"ಯಾಕ?"

"ಸಡ್ಲ ಆಗಿತ್ತು. ಕಾಯಿಲ್ ಬಿಚ್ಚೂವಾಗ ಎಲ್ಲೆರೆ ಬಿದ್ದು ಹೋದ್ರ ಅಂತ."

"ಅದು ಸಡ್ಲ ಆಗೂದಲ್ರಿ. ನಾ ಮಾಡೇನಿ."

ಅವನ ಹಿಂದೆ ಯಾವುದೋ ಮೋಟರ್ ಚಾಲೂ ಆಗಿ ನಿಂತಿತು. "ಆಕಿ ಹೋದ ಮ್ಯಾಲ ಅಂಗಡಿ ತಗದ ದಿನ ಹಾಕಿದ್ನಿ" ಅಂದ. "ಸುಡು, ಹೋಗತೈತಿ. ನಾವೂ ಹಳೇ ಕಾಯಿಲ್ ಹಂಗ ತಗೀತೀವಿ."

"ಗೊತ್ತೈತ್ರಿ."

"ಕೂಸು ಉಂಡ್ತೇನು?"

"ಉಂಡೈತಿ."

ಅವನು ಫೋನ್ ಇಟ್ಟ. ಮರುದಿನ ಬೆಳಿಗ್ಗೆ ಗ್ಯಾಸಿನ ಊದುದೀಪ ಹಚ್ಚಿದೆ. ಬೆಳ್ಳಿ ಕಾಯುವ ಮೊದಲೇ ವಾರ್ನಿಶ್ ಸುಟ್ಟು ಹೊಗೆಯಾಗುತ್ತದೆ. ಒಂದು ಉಸಿರಿನ ಕೆಲಸ. ಉಂಗುರವನ್ನು ಚಿಮುಟದಲ್ಲಿ ಹಿಡಿದೆ. ರ ಕೊರೆದ ತಟ್ಟೆ ಪಾಲಿಶ್ ಆಗಿ ಪಕ್ಕದಲ್ಲೇ ಇತ್ತು. ಕೂಸು ನನ್ನ ಬೆನ್ನಿಗೆ ಒರಗಿ ಕಟ್ ಕಟ್ ಎನ್ನಿಸುತ್ತಿತ್ತು. ಜ್ವಾಲೆ ಸರಿಯಾದ ಬಣ್ಣಕ್ಕೆ ಬಂತು. ನಾನು ಅದನ್ನು ನೋಡುತ್ತಾ, ಉಂಗುರವನ್ನು ಅದರ ಹತ್ತಿರ ಒಯ್ಯದೆ ಎಷ್ಟು ಹೊತ್ತು ಹಿಡಿದಿದ್ದೆನೋ, ಅಪ್ಪ ತನ್ನ ಮಣೆಯಿಂದಲೇ, "ಗ್ಯಾಸ್ ಸುಮ್ನ ಹೊಂಟೈತಿ" ಅಂದ.

ಆರಿಸಿದೆ.

ಮಧ್ಯಾಹ್ನ ಅವ್ವ ಬಾಗಿಲಿಗೆ ಬಂದಳು. "ಆತೇನು ಅವರ ಉಂಗುರ?"

"ಬರವಲ್ದು" ಅಂದೆ. "ಅಕ್ಷರ ಬರಂಗಿಲ್ಲ ಅವ್ವ."

ಅವ್ವ ಪತ್ತಾರನ ಹೆಂಡತಿ, ಪತ್ತಾರನ ಮಗಳು. ನನ್ನ ಮುಖ ನೋಡಿದಳು. ಅಪ್ಪ ಕೈ ಚಾಚಿದ. ಉಂಗುರ ಕೊಟ್ಟೆ. ಅವನು ಭೂತಗನ್ನಡಿಯಲ್ಲಿ ತಳ ನೋಡಿದ, ಅಂಚು ನೋಡಿದ, ಮೂಸಿ ನೋಡಿದ. ಅಕ್ಷರವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ.

"ಹೌದು, ಬರಂಗಿಲ್ಲ" ಅಂದ.

"ಬೆಂಕಿಗೂ?" ಅವ್ವ ಕೇಳಿದಳು.

"ಬೆಂಕಿಗೂ."

ಅವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಸಂಜೆ ಅವಳು ಅಡುಗೆಮನೆಯಿಂದ ಹಿರೇಕೆರೂರಿಗೆ ಫೋನ್ ಮಾಡಿ, "ಇನ್ನೂ ಸಣ್ಣಾಕಿರಿ, ಇಷ್ಟರಾಗ ಬ್ಯಾಡ್ರಿ. ಕೆಟ್ಟ ಅನ್ಕೋಬ್ಯಾಡ್ರಿ" ಅನ್ನುವುದು ಕೇಳಿಸಿತು. ನಂತರ ಕೆಲವು ದಿನ ನನಗೆ ಊಟಕ್ಕೆ ಬಾ ಎನ್ನುವುದರ ಹೊರತು ಬೇರೆ ಮಾತಾಡಲಿಲ್ಲ. ನಾನು ರ ಅಕ್ಷರದ ತಟ್ಟೆಯನ್ನು ಚೂರು ಬೆಳ್ಳಿಯ ಜೊತೆ ಕರಗಿಸಿದೆ. ದಿನಚರಿಯಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಅಡ್ಡಗೆರೆ ಹೊಡೆದೆ.

ಶಾಲೆ ಶುರುವಾಗುವ ಮೊದಲು ಭಾವ ಕೂಸನ್ನು ಕರೆದೊಯ್ಯಲು ಬಂದ. ಅಂಗನವಾಡಿಗೆ ಅಲ್ಲಿಯೇ ಹಾಕುತ್ತಾರಂತೆ, ಅಜ್ಜಿ ನೋಡಿಕೊಳ್ಳುತ್ತಾಳಂತೆ. ಉಂಗುರವನ್ನು ಕಾಗದದಲ್ಲಿ ಪುಡಿಕೆ ಕಟ್ಟಿ ಇಟ್ಟಿದ್ದೆ. ಬಿಚ್ಚಿ ನೋಡಿದ. ಗ ಅಲ್ಲಿಯೇ ಇತ್ತು.

"ಬರಲಿಲ್ಲ" ಅಂದೆ.

"ಇರಲಿ ಬಿಡು" ಅಂದ. ಹಾಕಿಕೊಂಡ. ಬೆರಳಿಗೆ ಈ ಸಲ ಎಣ್ಣೆ ಬೇಕಾಗಲಿಲ್ಲ; ಅವನು ಸೊರಗಿದ್ದ.

ಬಸ್‌ಸ್ಟ್ಯಾಂಡಿಗೆ ಕೂಸಿನ ಚೀಲ ಹಿಡಿದುಕೊಂಡು ನಾನೂ ಹೋದೆ. ಹಾವೇರಿ ಬಸ್ಸು ನಿಂತಿತ್ತು. ಅವನು ಕಿಟಕಿಯ ಪಕ್ಕ ಕೂತು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕೂಸಿಗೆ ಹೊರಟಿರುವುದು ಎಲ್ಲಿಗೆಂದು ಗೊತ್ತಾಗಿರಲಿಲ್ಲ. ತನ್ನ ಅಪ್ಪನ ಬೆರಳು ಸಿಕ್ಕಿತ್ತು, ಉಂಗುರ ಸಿಕ್ಕಿತ್ತು. ಎರಡೂ ಹೆಬ್ಬೆರಳು ಹಚ್ಚಿ ತಟ್ಟೆಯನ್ನು ಪಕ್ಕಕ್ಕೆ ಒತ್ತಿತು. ಮತ್ತೊಮ್ಮೆ ಒತ್ತಿತು. ಕಿಟಕಿಯಿಂದ ನನ್ನ ಕಡೆ ನೋಡಿ, "ಚಿಗವ್ವ, ಇದು ಬರವಲ್ದು" ಅಂತು.

"ಅದು ಬರಂಗಿಲ್ಲವ್ವ" ಅಂದ ಭಾವ.

ಬಸ್ಸು ಹೊರಟಿತು. ನಾನು ಅಂಗಡಿಗೆ ಬಂದು ಮಣೆಯ ಪಕ್ಕದ ಬಟ್ಟಲಿನಲ್ಲಿದ್ದ ತಟ್ಟೆಗಳನ್ನು ಒಂದೊಂದಾಗಿ ಆಯಾ ಉಂಗುರಕ್ಕೆ ಜೋಡಿಸಿದೆ. ಶಿಗ್ಗಾಂವಿಯ ಆರ್ಡರ್ ಬಾಕಿ ಇತ್ತು. ಹಸಿರು ನಾಲ್ಕು, ಕೆಂಪು ಎರಡು, ಎಸ್ ಒಂದು.