ಕಹಿ ಕಳೆದುಕೊಂಡ ನೆಲಬೇವು

ನೆಲಬೇವು ಕಹಿಯಾಗಿಲ್ಲ ಎಂದು ಅತ್ತವರನ್ನು ನಾನು ಕಂಡಿದ್ದು ಒಬ್ಬರನ್ನೇ, ನನ್ನ ದೊಡ್ಡವ್ವನನ್ನು.

ಕಾಳಗಿ ಹತ್ತಿರದ ನಮ್ಮೂರಲ್ಲಿ ಜ್ವರ ಬಂದರೆ, ಮೈಯೆಲ್ಲ ಕಡಿತ ಎದ್ದರೆ, ಜನ ಆಸ್ಪತ್ರೆಗೆ ಹೋಗುವ ಮೊದಲೋ ಹೋಗಿಬಂದ ಮೇಲೋ ಅವಳ ಕಟ್ಟೆಗೆ ಬರುತ್ತಿದ್ದರು. ಹಳ್ಳದ ದಂಡೆಯ ಕಲ್ಲುನೆಲದಿಂದ ನೆಲಬೇವು ಕಿತ್ತು ತಂದು ಅವಳು ಕಷಾಯ ಕಾಸಿ ಕೊಡುತ್ತಿದ್ದಳು. ಕುಡಿದವರ ಮುಖ ನೋಡಲೆಂದೇ ನಾವು ಮಕ್ಕಳು ಎದುರಿಗೆ ಕೂರುತ್ತಿದ್ದೆವು. ಗುಣವಾದವರು ಗಿಡವನ್ನು ಹೊಗಳುತ್ತಿರಲಿಲ್ಲ, "ಅಕ್ಕನ ಕೈಗುಣ" ಎನ್ನುತ್ತಿದ್ದರು. ಅವಳು ಆ ಮಾತಿನಿಂದಲೇ ಬದುಕಿದ್ದಳು.

ಈಚೆಗೆ ದೊಡ್ಡಪ್ಪ ತೀರಿಕೊಂಡ. ಅಷ್ಟರಲ್ಲಿ ಹಳ್ಳದ ದಂಡೆಯನ್ನೂ ಕಲ್ಲಿಗಾಗಿ ಅಗೆದು ಮುಗಿಸಿದ್ದರು. ತಾಯಿ ದೂರ ಅಲೆಯಬಾರದೆಂದು ಅವಳ ಮಗ ಹಿತ್ತಲಲ್ಲೇ ನೆಲಬೇವು ಹಾಕಿ, ಹತ್ತಿಗೆ ತಂದು ಉಳಿದಿದ್ದ ಯೂರಿಯಾವನ್ನು ಪ್ರೀತಿಯಿಂದ ಸುರಿದ. ಗಿಡಗಳು ಕಡುಹಸಿರಾಗಿ ಮೊಣಕಾಲು ಮೀರಿ ಎದ್ದವು.

ಅದರ ಕಷಾಯ ಕುಡಿದವರು ಮುಖ ಕಿವುಚಲಿಲ್ಲ. ಕಡಿತವೂ ಇಳಿಯಲಿಲ್ಲ.

"ಗಂಡ ಹೋದ ಮ್ಯಾಲ ಆಕಿ ಕೈಗುಣಾನೂ ಹೋತು ನೋಡ್ರಿ" ಎಂದಳು ಓಣಿಯವಳೊಬ್ಬಳು. ಅಂಥ ಬಾಯಿಗೆ ಮಣ್ಣು ಹಾಕಬೇಕೆನಿಸಿತು ನನಗೆ. ಆದರೆ ದೊಡ್ಡವ್ವ ಒಂದು ಎಲೆ ಅಗಿದು ನೋಡಿ, ಅವಳು ಹೇಳಿದ್ದೇ ಖರೆ ಎಂದು ಅಳುತ್ತ ಕೂತುಬಿಟ್ಟಳು.

ನಾನು ಸೇಡಂನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಪಕ್ಕದಲ್ಲಿ ಕೂತು ತಿಳಿಸಿ ಹೇಳಿದೆ. ಸಾರಜನಕ ಇಲ್ಲದೆ ಗಿಡ ಬೆಳೆಯದು, ನಿಜ. ಅತಿಯಾದರೆ ಅದು ಎಲೆ, ದಂಟು ಬೆಳೆಸುವುದರಲ್ಲೇ ಮುಳುಗುತ್ತದೆ, ಕಹಿ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ನೆಲಬೇವಿನ ಔಷಧಗುಣ ಇರುವುದು ಆ ಕಹಿಯಲ್ಲೇ.

"ದೊಡ್ಡವ್ವ, ನಿನ್ನ ಕೈ ಹಾಂಗೇ ಅದ. ಗಿಡಕ್ಕ ಯೂರಿಯಾ ಭಾಳ ಆಗ್ಯಾದ, ಅಷ್ಟೇ."

"ಎಲ್ಲಾರೂ ಎಲ್ಲಾಕೂ ಯೂರಿಯಾ ಹಾಕ್ತಾರ. ನಮ್ಮ ಜ್ವಾಳದ ರುಚಿ ಹೋಗ್ಯಾದೇನು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಮೊದಲೇ ಹಟಮಾರಿ. ಮಾತಿನಲ್ಲಿ ಸೋತರೆ ಮಾಡಿಯಾದರೂ ತೋರಿಸಬೇಕು. ಅವೇ ಗಿಡಗಳ ಬೀಜ ತಂದು ನನ್ನ ಮನೆಯ ಹಿಂದಿನ ಕಲ್ಲುಮಣ್ಣಿನಲ್ಲಿ ಬಿತ್ತಿದೆ, ಗೊಬ್ಬರದ ಸೋಂಕೂ ತಾಗಿಸಲಿಲ್ಲ. ಗಿಡಗಳು ಗಿಡ್ಡವಾಗಿಯೇ ಉಳಿದವು. ಎಲೆ ಮಾತ್ರ ತಲೆ ಝುಮ್ಮೆನ್ನುವಷ್ಟು ಕಹಿ. ಗೆದ್ದೆ ಎಂದುಕೊಂಡು ಚೀಲ ತುಂಬಿ ಕಾಳಗಿ ಬಸ್ಸು ಹತ್ತಿದೆ.

ಯಾವ ಬೀಜ, ಎಂಥ ಮಣ್ಣು, ಎಲ್ಲವನ್ನೂ ಮತ್ತೊಮ್ಮೆ ವಿವರಿಸಿದೆ. ದೊಡ್ಡವ್ವ ಎಲೆ ಬಾಯಿಗಿಟ್ಟುಕೊಂಡಳು. ಮುಖ ಕಿವುಚಿ, ಆಮೇಲೆ ನಕ್ಕಳು. ದೊಡ್ಡಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿರಲೇ ಇಲ್ಲ. ನನ್ನ ಎರಡೂ ಕೈಗಳನ್ನು ಎಳೆದು ಕಣ್ಣಿಗೆ ಒತ್ತಿಕೊಂಡಳು.

"ಕೈಗುಣ ನಮ್ಮ ಮನಿ ಬಿಟ್ಟು ಹೋಗಿಲ್ಲವ್ವ, ನಿನ್ನ ಕೈಗೆ ಬಂದದ" ಎಂದಳು. "ಇನ್ನ ಮ್ಯಾಲ ಮಂದಿಗೆ ನೀನೇ ಕೊಡು. ನಾ ಮುಟ್ಟಂಗಿಲ್ಲ."