ಹೊಲಿಗೆ ಅಕ್ಕನ ಒಂದೇ ಒಂದು ಕಾದಂಬರಿ

ಹೊಲಿಗೆ ಮಷಿನ್ನಿಗೆ ಬಿಡುವ ಎಣ್ಣೆಗೆ ಅದರದೇ ಒಂದು ವಾಸನೆ. ಹೊಸ ಬಟ್ಟೆಯ ಗಂಜಿಯ ಜೊತೆ ಸೇರಿದರಂತೂ ಮೂಗಿನಿಂದ ಬೇಗ ಹೋಗುವುದಿಲ್ಲ. ಕಳೆದ ತಿಂಗಳು ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆ ವಾಸನೆ ನನಗೆ ಒಂದು ಪುಸ್ತಕದಿಂದ ಬಂತು.

ಅಲ್ಲಿ ಹೊಸ ಕಾದಂಬರಿಗಳ ಪ್ರದರ್ಶನವಿತ್ತು. ಯಾವ ಪ್ರಕಾಶಕರ ಬಾಗಿಲಿಗೂ ಹೋಗದೆ ತಾವೇ ಅಚ್ಚು ಹಾಕಿಸಿಕೊಂಡವರು ತಮ್ಮ ತಮ್ಮ ಪುಸ್ತಕ ಹಿಡಿದು ಬಂದಿದ್ದರು: ಸಾಲಗುಂದದ ಒಬ್ಬ ಶಿಕ್ಷಕಿ, ಮುದಗಲ್ಲಿನ ಮೊಬೈಲ್ ಅಂಗಡಿಯವ, ಇನ್ನೂ ಏಳೆಂಟು ಮಂದಿ. ಸಂಘಟಕರು ಮೂರು ಟೇಬಲ್ ಹಾಕಿ ಮೂರು ಬೋರ್ಡು ನಿಲ್ಲಿಸಿದ್ದರು. ಸಾಂಸಾರಿಕ, ಫ್ಯಾಂಟಸಿ ಪ್ರೇಮ, ಹಾರರ್. ಶಿಕ್ಷಕಿ ತನ್ನ ಪುಸ್ತಕ ಎದೆಗವಚಿಕೊಂಡು ಎರಡು ಟೇಬಲ್ಲುಗಳ ನಡುವೆ ನಿಂತಿದ್ದರು.

“ನಂದ್ರಾಗ ಅತ್ತಿನೂ ಅದಾಳ, ದೆವ್ವನೂ ಐತಿ. ಎಲ್ಲಿ ಇಡ್ಲಿರಿ?”

“ಎರಡೂ ಒಂದ ಅಲ್ಲೇನ್ರಿ ಟೀಚರ್? ಎಲ್ಲೆರ ಇಡ್ರಿ,” ಎಂದ ಮೊಬೈಲ್ ಅಂಗಡಿಯವ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆಕೆಯ ಕೈಯಿಂದ ಪುಸ್ತಕ ತೆಗೆದುಕೊಂಡೆ. ಬೆನ್ನಿಗೆ ಅಂಟು ಹಾಕಿಸದೆ ಮನೆಯ ಮಷಿನ್ನಿನಲ್ಲೇ ಹೊಲಿದು ತಂದಿದ್ದರು. ವಾಸನೆ ಬಂದದ್ದು ಅಲ್ಲಿಂದ. ಆಮೇಲೆ ಆ ಮಂಟಪದಲ್ಲಿ ನಾನು ಇದ್ದೂ ಇರಲಿಲ್ಲ...

ಇಪ್ಪತ್ತೈದು ವರ್ಷದ ಮೇಲಾಯಿತು. ಅಪ್ಪ ಕಾಲುವೆ ಆಫೀಸಿನಲ್ಲಿದ್ದರು, ಮಸ್ಕಿಯಲ್ಲಿ ಬಾಡಿಗೆ ಮನೆ. ನಾನು ಕನ್ನಡ ಎಂ.ಎ. ಮುಗಿಸಿ ಬಂದು, ಕೆಲಸಕ್ಕೆ ಕಾಯುತ್ತ, ಮನೆಯವರಿಗೆಲ್ಲ ತಲೆನೋವಾಗಿದ್ದ ಕಾಲ. ಪಕ್ಕದ ಮನೆಯಲ್ಲಿ ಆಕೆ ಇದ್ದಳು. ಗಂಡ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್. ಗೋಡೆಯ ಮೇಲೆ ಬುದ್ಧನ ಪಟ, ಕಿಟಕಿಯ ಕೆಳಗೆ ಮಷಿನ್ನು. ಓಣಿಗೆಲ್ಲ ಆಕೆ ಹೊಲಿಗೆ ಅಕ್ಕ. ನನಗೂ ಅಕ್ಕ.

ಅಕ್ಕ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಧ್ಯಾಹ್ನ ಹೊಲಿಗೆ ನಿಂತಾಗ ಉದ್ದ ನೋಟ್‌ಬುಕ್ಕಿನ ಹಾಳೆಗಳಲ್ಲಿ ಕತೆ ಬರೆಯುತ್ತಿದ್ದಳು. ಹತ್ತು ಹನ್ನೆರಡು ಹಾಳೆಯಾದರೆ ಅವನ್ನು ಮಷಿನ್ನಿನ ಸೂಜಿಯಡಿ ಇಟ್ಟು ಉದ್ದುದ್ದ ಹೊಲಿಗೆ ಹಾಕಿ ಒಂದು ಕಟ್ಟು ಮಾಡುತ್ತಿದ್ದಳು. ಜಂಪರ್ ಹೊಲಿದು ಮಡಿಚಿ ಕೊಡುವಾಗ ಆ ಮಡಿಕೆಯೊಳಗೆ ಕತೆಯ ಒಂದು ಕಟ್ಟು ಇರುತ್ತಿತ್ತು. ಮುಂದಿನ ಸಲ ಬಟ್ಟೆ ತರುವಾಗ ಕಟ್ಟು ವಾಪಸ್ ತರಬೇಕು. ತರದಿದ್ದರೆ ಬಟ್ಟೆ ಮುಟ್ಟುತ್ತಿರಲಿಲ್ಲ. ಮುದಗಲ್ಲಿಗೆ ಮದುವೆಯಾಗಿ ಹೋದ ಓಣಿಯ ಹುಡುಗಿಯೊಬ್ಬಳು ಮಸ್ಕಿಗೆ ಬರುವವರ ಕೈಯಲ್ಲಿ ಕಟ್ಟು ಕಳಿಸಿ ಮುಂದಿನದು ತರಿಸಿಕೊಳ್ಳುತ್ತಿದ್ದಳು. ಮಸ್ಕಿಯಲ್ಲಿ ನಾನು ಕಂಡ ನಿಜವಾದ ಗ್ರಂಥಾಲಯ ಅದೊಂದೇ.

ಒಂದು ದಿನ ನಾನು ಅಕ್ಕನ ಮನೆಯ ಕಟ್ಟೆಯ ಮೇಲಿದ್ದೆ. ವಳಕಮದಿನ್ನಿಯಿಂದ ಬಂದ ಹೆಂಗಸೊಬ್ಬಳು ಹೊಲಿದ ಜಂಪರ್ ಬೀಸುತ್ತ ಒಳಗೆ ಹೋದಳು.

“ಅಕ್ಕಾ, ತೋಳು ಬಿಗಿ ಆಗ್ಯಾವ ನೋಡು.”

“ನೀ ದಪ್ಪ ಆಗೀದಿ. ತಾ, ಬಿಚ್ಚಿ ಕೊಡ್ತೀನಿ.”

“ಅದಿರ್ಲಿ ಬಿಡ. ಮೊದ್ಲ ಹೇಳು, ಕಾಲುವಿ ನೀರು ಬಂದ್ ಆದ್ರ ಆ ಹುಡುಗನ ಗತಿ ಏನು?”

“ನಿನ್ನ ಗಂಡನ್ನ ಕೇಳು. ಗೇಟಿನ ಕೀಲಿ ಅವನ ಕಡೆ ಐತೆಲ್ಲ!”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಕೆಯ ಗಂಡ ನಿಜಕ್ಕೂ ಕಾಲುವೆಯ ಗೇಟು ನೋಡಿಕೊಳ್ಳುವವನು.

ಆ ಹುಡುಗ ಅಕ್ಕನ ಕಾದಂಬರಿಯವನು. ಕಾಲುವೆ ತೋಡಲು ಬಂದ ಒಂದು ಸಂಸಾರ, ತಾಯಿ ಮತ್ತು ಮೂವರು ಹೆಣ್ಣುಮಕ್ಕಳು. ದೊಡ್ಡವಳು ಮಣ್ಣು ಕುಸಿದು ಸತ್ತಿದ್ದಾಳೆ. ಆದರೂ ದಿನಾ ದೀಪ ಹಚ್ಚುವ ಹೊತ್ತಿಗೆ ಬಂದು ಅಡುಗೆಮನೆಯಲ್ಲಿ ಕೂತು ಅಕ್ಕಿಯೊಳಗಿನ ಕಲ್ಲು ಆರಿಸುತ್ತಾಳೆ. ತಾಯಿ, ತಂಗಿಯರು ಅಂಜುವುದಿಲ್ಲ. ಅಂಜುವವರು ಸತ್ತವಳ ಗಂಡ ಮತ್ತು ಆ ಕೆಲಸದ ಗುತ್ತಿಗೆದಾರ. ನಡುವಿನವಳನ್ನು ಪ್ರೀತಿಸುವ ಹುಡುಗ ಮನುಷ್ಯನಲ್ಲ, ಕಾಲುವೆಯಲ್ಲಿ ನೀರು ಹರಿಯುವಷ್ಟು ದಿನ ಮಾತ್ರ ಇರುವವನು. ಬೇಸಿಗೆಗೆ ನೀರು ನಿಲ್ಲಿಸಿದರೆ ಕರಗಿ ಹೋಗುತ್ತಾನೆ. ಸಣ್ಣವಳಿಗೆ ಬೇರೆ ಮನೆ ಬೇಕು, ಜಗಳ. ಇವರೆಲ್ಲರ ನಡುವೆ ಸಂಧಾನ ಮಾಡುವವಳು ಆ ಸತ್ತವಳೇ. ಮದುವೆಯ ಮಾತು, ಮನೆಯ ಪಾಲು, ಗುತ್ತಿಗೆದಾರನ ಎದೆ ಒಡೆಯುವ ಸಂಜೆ, ಎಲ್ಲ ಒಂದೇ ಹಾಳೆಯಲ್ಲಿ ಬರುತ್ತಿದ್ದವು, ನಮ್ಮ ಓಣಿಯಲ್ಲಿ ಎಲ್ಲ ಒಟ್ಟಿಗೇ ನಡೆಯುತ್ತಿದ್ದ ಹಾಗೆ.

ಕಾದಂಬರಿ ಮುಗಿದಾಗ ಅಕ್ಕ ಎಲ್ಲ ಕಟ್ಟುಗಳನ್ನು ಸೇರಿಸಿ ನನ್ನ ಮುಂದಿಟ್ಟಳು. “ತಮ್ಮಾ, ನೀ ಓದಿದಾಂವ. ಇದು ಪುಸ್ತಕ ಆಗತೈತೇನು, ನೋಡಿ ಹೇಳು.”

ಇಲ್ಲಿಂದ ಮುಂದಿನದನ್ನು ನಾನು ಅನೇಕ ಸಲ, ಅನೇಕ ಕಡೆ ಹೇಳಿದ್ದೇನೆ. ತರಗತಿಯಲ್ಲಿ ಹೇಳಿದ್ದೇನೆ, ವಿಚಾರ ಸಂಕಿರಣಗಳಲ್ಲಿ ಹೇಳಿದ್ದೇನೆ. ಅವತ್ತು ಸಿಂಧನೂರಿನ ಮಂಟಪದಲ್ಲಿ, ಅತಿಥಿಯಾಗಿ ಮೈಕಿನ ಮುಂದೆ ನಿಂತಾಗಲೂ ಅದನ್ನೇ ಹೇಳಿದೆ. ಅಕ್ಕ, ನಾನು, ಆಕೆಯ ಸಣ್ಣ ಮಗಳು ಲಿಂಗಸುಗೂರಿನ ಒಂದು ಪ್ರೆಸ್ಸಿಗೆ ಹೋದೆವು. ಮುದ್ರಕ ದಾರ ಕಟ್ಟಿದ ಕನ್ನಡಕ ಮೂಗಿನ ಮೇಲೆ ಜಾರಿಸಿ, ಮಸಿ ಹತ್ತಿದ ಹೆಬ್ಬೆರಳಿನಿಂದ ಹಾಳೆ ತಿರುವಿ, ಇದು ಒಂದು ಕಾದಂಬರಿಯಲ್ಲ, ಮೂರು, ಸಂಸಾರದ್ದು ಬೇರೆ ಮಾಡು, ಪ್ರೇಮದ್ದು ಬೇರೆ ಮಾಡು, ದೆವ್ವದ್ದು ಬೇರೆ ಮಾಡು ಎಂದ. ಅಕ್ಕ ಮನೆಗೆ ಬಂದು ಹಾಗೇ ಮಾಡಿದಳು.

ಆಕೆ ಮಾಡಿದ ರೀತಿಯನ್ನು ಹೇಳಬೇಕು. ಬೇರೆಯವರಾದರೆ ಹೊಸದಾಗಿ ಬರೆಯುತ್ತಿದ್ದರು, ಇಲ್ಲವೆ ಅತ್ತು ಸುಮ್ಮನಾಗುತ್ತಿದ್ದರು. ಅಕ್ಕ ದರ್ಜಿ. ಅಳತೆ ಹೇಳಿದರೆ ಅಳತೆಗೆ ಸರಿಯಾಗಿ ಕತ್ತರಿಸುವುದು ಆಕೆಯ ಕಸುಬು. ಬ್ಲೇಡಿನಿಂದ ಎಲ್ಲ ಹೊಲಿಗೆ ಬಿಚ್ಚಿದಳು. ನೆಲದ ಮೇಲೆ ಮೂರು ಚಾಪೆ ಹಾಸಿದಳು. ಒಂದೇ ಹಾಳೆಯಲ್ಲಿ ಮದುವೆಯ ಮಾತೂ ಸತ್ತವಳೂ ಇದ್ದ ಕಡೆ, ಬಟ್ಟೆಯ ದೊಡ್ಡ ಕತ್ತರಿ ತಂದು ಸಾಲು ಸಾಲಾಗಿ ಕತ್ತರಿಸಿದಳು. ಆ ಪಟ್ಟಿಗಳನ್ನು ಬೇರೆ ಹಾಳೆಗೆ ಅಂಟಿಸಿ ಮತ್ತೆ ಹೊಲಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕತ್ತರಿಯ ಸದ್ದು ಈಗಲೂ ಕೇಳುತ್ತದೆ, ಅಥವಾ ಕೇಳುತ್ತದೆ ಎಂದುಕೊಂಡಿದ್ದೇನೆ...

ಮೂರು ಕಟ್ಟಾದವು. ಮೂರೂ ಸತ್ತವು. ಸಂಸಾರದ ಕಟ್ಟಿನಲ್ಲಿ ತಾಯಿ ದಿನಾ ಒಂದು ತಾಟು ಹೆಚ್ಚು ಇಡುತ್ತಾಳೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಪ್ರೇಮದ ಕಟ್ಟಿನಲ್ಲಿ ಹುಡುಗಿಗೆ ಅಕ್ಕತಂಗಿಯರೇ ಇಲ್ಲ, ಯಾರೂ ಇಲ್ಲದ ಊರಲ್ಲಿ ಒಬ್ಬಳೇ ಕಾಲುವೆ ದಂಡೆಯಲ್ಲಿ ಕೂತಿರುತ್ತಾಳೆ. ದೆವ್ವದ ಕಟ್ಟಿನಲ್ಲಿ ಬರೀ ದೆವ್ವ. ಜಂಪರಿನ ಮಡಿಕೆಯಲ್ಲಿ ಬಂದ ಅವನ್ನು ಓದಿದ ಹೆಂಗಸರು ಮುಂದಿನದನ್ನು ಕೇಳದೆ ವಾಪಸ್ ಕೊಟ್ಟರು. ವಳಕಮದಿನ್ನಿಯವಳು ಮಾತ್ರ, “ಯಾರು ಹೇಳಿದ್ರಬೇ ನಿನಗ ಹಿಂಗ ಮಾಡಂತ? ಅವನ ಕೈ ಸೇದಿಹೋಗ್ಲಿ,” ಅಂದಳು. ಅಕ್ಕ ಮಷಿನ್ನಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆಮೇಲೆ ಆಕೆ ಬರೆದದ್ದನ್ನು ನಾನು ಕಾಣಲಿಲ್ಲ. ಕೆಲ ವರ್ಷದ ಹಿಂದೆ ತೀರಿಕೊಂಡಳೆಂದು ಯಾರೋ ಹೇಳಿದರು. ಮಣ್ಣಿಗೂ ಹೋಗಲಾಗಲಿಲ್ಲ.

ಮಂಟಪದಲ್ಲಿ ನಾನು ಇದನ್ನೆಲ್ಲ ಕೂಗಿ ಹೇಳಿದೆ. ಆ ಮುದ್ರಕ ಒಬ್ಬ ಲೇಖಕಿಯನ್ನು ಕೊಂದ ಎಂದೆ. ಆಮೇಲೆ ಅಚ್ಚಿಗೆಂದು ಕೊಟ್ಟ ಮೂರನೆಯ ಕಟ್ಟನ್ನೂ, ದೆವ್ವದ್ದನ್ನು, ಅವನೇ ಕಳೆದ ಎಂದೆ. ಟೇಬಲ್ಲುಗಳ ಕಡೆ ಕೈ ಮಾಡಿ, ಆ ಬೋರ್ಡುಗಳನ್ನು ಕಿತ್ತೊಗೆಯಿರಿ ಎಂದೆ. ಜನ ಚಪ್ಪಾಳೆ ಹೊಡೆದರು. ಸಂಘಟಕರೂ ಹೊಡೆದರು, ಬೋರ್ಡು ಮಾತ್ರ ಯಾರೂ ಕೀಳಲಿಲ್ಲ.

ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದಳು. ಮೂವತ್ತೈದರ ಆಸುಪಾಸು. ಸಿಂಧನೂರಿನ ದವಾಖಾನೆಯಲ್ಲಿ ನರ್ಸ್ ಎಂದು ಆಮೇಲೆ ತಿಳಿಯಿತು.

“ಸರ್, ನಾ ಆಕಿ ಮಗಳು. ಆ ಮಾತು ಪ್ರೆಸ್ಸಿನಾಂವ ಹೇಳಿದ್ದಲ್ರಿ. ನೀವು ಹೇಳಿದ್ದು.”

ನನಗೆ ನಗು ಬಂತು. ಆಗ ಸಣ್ಣ ಮಗುವಾಗಿದ್ದಳು, ಏನು ನೆನಪಿರುತ್ತದೆ ಎಂದುಕೊಂಡೆ. ಅದನ್ನೇ ಮೈಕಿನಲ್ಲಿ ಹೇಳಿಯೂಬಿಟ್ಟೆ.

“ಅವತ್ತು ಅಮಾಸಿ ಇತ್ರಿ. ಪ್ರೆಸ್ ಬಾಗಲಾ ಹಾಕಿತ್ತು. ನಾವು ಒಳಗ ಹೋಗೇ ಇಲ್ಲ. ಬಸ್ ಸ್ಟ್ಯಾಂಡಿನ್ಯಾಗ ಕುಂತ್ವಿ, ನೀವು ನನಗ ಮಿರ್ಚಿ ಕೊಡ್ಸಿದ್ರಿ. ಖಾರ ಹತ್ತಿ ನಾ ಅಳಾಕತ್ತಿದ್ದೆ. ಅವ್ವ ನನ್ನ ಕಡೆ ನೋಡ್ಲಿಲ್ಲ. ನಿಮ್ಮ ಬಾಯಿ ನೋಡ್ಕೋತ ಕುಂತಿದ್ಲು. ಪೆನ್ ತಗೊಂಡು ಹಾಳಿ ಹಾಳಿಗೆ ಗೆರಿ ಹಾಕಿ ತೋರ್ಸಿದ್ರಿ, ಇಲ್ಲಿ ಕತ್ತರ್ಸು, ಇಲ್ಲಿ ಕತ್ತರ್ಸು ಅಂತ.”

ಆಕೆ ಚೀಲದಿಂದ ಎರಡು ಕಟ್ಟು ತೆಗೆದಳು. ಮುಂದೆ ಬಂದು ನನ್ನ ಕೈಗೆ ಕೊಟ್ಟಳು. ಕತ್ತರಿಸಿದ ಪಟ್ಟಿಗಳ ಅಂಚಿಗೆ, ಅಕ್ಕನ ಅಕ್ಷರದ ಪಕ್ಕದಲ್ಲಿ, ಹಸಿರು ಶಾಯಿಯ ಗೆರೆಗಳಿದ್ದವು. ಹಸಿರು ಶಾಯಿಯಲ್ಲಿ ಬರೆಯುವ ಶೋಕಿ ಆಗ ನಮ್ಮ ಓಣಿಯಲ್ಲಿ ಇದ್ದದ್ದು ಒಬ್ಬನಿಗೆ.

ನನಗೆ ಈಗಲೂ ಆ ಮುದ್ರಕ ಕಾಣುತ್ತಾನೆ. ಕನ್ನಡಕದ ದಾರ ಕಾಣುತ್ತದೆ, ಹೆಬ್ಬೆರಳಿನ ಮಸಿ ಕಾಣುತ್ತದೆ. ಬೇರೆ ಯಾವುದೋ ದಿನ, ಬೇರೆ ಯಾವುದೋ ಕೆಲಸಕ್ಕೆ ಹೋದಾಗ ನೋಡಿದ ಮುಖವಿರಬೇಕು. ಆ ನಿರಪರಾಧಿಯ ಬಾಯಲ್ಲಿ ನನ್ನ ಮಾತನ್ನು ತುರುಕಿ ಇಪ್ಪತ್ತೈದು ವರ್ಷ ಬೈದುಕೊಂಡು ತಿರುಗಿದೆ. ಹಳೆಯ ದಾಖಲೆಗಳನ್ನು ಕುರುಡಾಗಿ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ನಾನು. ಎಲ್ಲರ ಸಾಕ್ಷಿಯನ್ನೂ ಅನುಮಾನಿಸಿದೆ, ನನ್ನದೊಂದನ್ನು ಬಿಟ್ಟು. ಎಂಥ ವಿದ್ಯೆ ಇದು? ಮೂರು ಚಾಪೆ ಹಾಸಿ ಒಂದು ಬದುಕನ್ನು ಕತ್ತರಿಸಲು ಕಲಿಸಿದ ವಿದ್ಯೆಗೆ ನನ್ನ ಊರು ಪದವಿ ಎಂದು ಹೆಸರಿಟ್ಟು ಹಾರ ಹಾಕಿತ್ತು. ಏಳನೇ ಇಯತ್ತೆಯವಳು ಸರಿಯಾಗಿ ಹೊಲಿದದ್ದನ್ನು ಹದಿನೇಳು ವರ್ಷ ಓದಿದವನು ಬಸ್ ಸ್ಟ್ಯಾಂಡಿನಲ್ಲಿ ಕೂತು ಬಿಚ್ಚಿಸಿದ. ಆಕೆ ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ನೆನಪಾದರೂ ನೆಟ್ಟಗಿರುತ್ತಿತ್ತು.

ಹೊರಗೆ ಬಂದ ಮೇಲೆ ಮಗಳು ‘ಸರ್’ ಬಿಟ್ಟಳು.

“ಮಾಮಾ, ಜಗಳಾಡಾಕ ಬಂದಿಲ್ಲ ನಾನು. ಅವ್ವಂದು ಮತ್ತ ಒಂದ ಮಾಡಿ ಅಚ್ಚು ಹಾಕಸ್ಬೇಕಂತ ಮಾಡೀನಿ. ಎರಡು ಕಟ್ಟು ನನ್ನ ಕಡೆ ಅದಾವ. ಮೂರನೇದ್ದು ನಿಮ್ಮ ಕಡೆ ಐತಿ, ಕೊಡ್ರಿ.”

“ನನ್ನ ಹತ್ರನಾ?”

“ನೀವು ನೌಕರಿಗೆ ಹೊಂಟಾಗ ಅವ್ವಾನ ಕೊಟ್ಳಲ್ರಿ. ‘ದೆವ್ವದ್ದು ನೀ ಇಟ್ಕೋ, ನೀ ನಂಬಾಂವಲ್ಲ, ಅಂಜಂಗಿಲ್ಲ’ ಅಂದ್ಳು. ಬಾಗಲದಾಗ ನಿಂತು ಎಲ್ಲಾರೂ ನಕ್ವಿ.”

ಆ ನಗು ನನಗೆ ನೆನಪಾಯಿತು. ಕಟ್ಟು ನೆನಪಾಗಲಿಲ್ಲ. ಹುಡುಕುತ್ತೇನೆ ಎಂದು ಮಾತು ಕೊಟ್ಟೆ.

ಎಂಟು ದಿನ ಹುಡುಕಿದೆ. ಅಟ್ಟ, ಕಬ್ಬಿಣದ ಕಪಾಟು, ಸಂಶೋಧನೆಯ ಟಿಪ್ಪಣಿಗಳ ಪೆಟ್ಟಿಗೆ, ಎಲ್ಲ. ನನ್ನ ಹಳೆಯ ಪ್ರಬಂಧದ ನಾಲ್ಕು ಪ್ರತಿ ಸಿಕ್ಕವು, ಒಂದಕ್ಕೂ ಇಲಿ ಹತ್ತಿರಲಿಲ್ಲ. ಊರಿಂದೂರಿಗೆ ವರ್ಗವಾದಾಗಲೆಲ್ಲ ಹಳೆಯ ಕಾಗದವನ್ನು ರದ್ದಿಗೆ ಹಾಕುತ್ತಿದ್ದೆ. ಅದರೊಳಗೆ ಹೊಲಿದ ಒಂದು ಕಟ್ಟು ಕೈಗೆ ಬಂದಂತೆ, ಒಂದು ಗಳಿಗೆ ಹಿಡಿದು ಆಮೇಲೆ ಚೀಲಕ್ಕೆ ಬಿಟ್ಟಂತೆ ಈಗ ಅನ್ನಿಸುತ್ತದೆ. ಅದು ನಡೆದದ್ದೋ, ಅಪರಾಧಿಯಾಗಬೇಕೆಂದು ಈಗ ಕಟ್ಟಿಕೊಂಡದ್ದೋ... ಹೇಳಲಾರೆ. ಪ್ರಮಾಣ ಮಾಡಿ ಹೇಳಬಲ್ಲೆನೆಂಬ ಧೈರ್ಯ ಈಗ ಯಾವ ವಿಷಯಕ್ಕೂ ಉಳಿದಿಲ್ಲ.

ಮಗಳಿಗೆ ಫೋನ್ ಮಾಡಿ ಇಲ್ಲ ಎಂದೆ. ನಾನೇ, ಕತೆ ಗೊತ್ತಿದೆ, ದೊಡ್ಡವಳು ಬರುವ ಭಾಗಗಳನ್ನು ನೆನಪಿನಿಂದ ಬರೆದು ಕೊಡುತ್ತೇನೆ ಎಂದೆ. ಹಾಗೆ ಹೇಳುವಷ್ಟು ನಾಚಿಕೆಗೇಡಿತನ ನನ್ನಲ್ಲಿ ಇನ್ನೂ ಇತ್ತು.

“ಬ್ಯಾಡ್ರಿ ಮಾಮಾ. ನಿಮ್ಮ ನೆನಪು ಬಾಗಲಾ ಹಾಕಿದ ಪ್ರೆಸ್ಸಿನ್ಯಾಗ ಮನಶ್ಯಾನ್ನ ಕುಂದರಸತೈತಿ. ನಮ್ಮವ್ವನ ದೆವ್ವಾನೂ ಬ್ಯಾರೆ ಯಾರನ್ನರ ಮಾಡಿ ಇಟ್ಟೀತು.”

“ಮತ್ತೆ ಏನು ಮಾಡ್ತೀ?”

“ಆಕಿ ಬರೋ ಕಡೆಯೆಲ್ಲಾ ಹಾಳಿ ಬಿಳಿ ಬಿಡ್ತೀನ್ರಿ. ಮಂದಿ ಅದನ್ನೂ ತಿರುವಿಹಾಕಿ ಓದ್ಲಿ. ಇಲ್ಲೊಬ್ಬಾಕಿ ಇದ್ಳು ಅಂತರ ಗೊತ್ತಾಗ್ಲಿ.”

ಪುಸ್ತಕ ಈಗ ಅಚ್ಚಿನಲ್ಲಿದೆ. ಮುನ್ನುಡಿ ನನ್ನನ್ನು ಕೇಳಿಲ್ಲ, ಕೇಳಬಾರದು ಕೂಡ.

ಒಂದು ವಾಕ್ಯ ಮಾತ್ರ ಮೊನ್ನೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಜಗಳವಾಡಿ ಮುಖ ತಿರುಗಿಸಿ ಕೂತ ತಂಗಿಯರಿಗೆ ಸತ್ತವಳು ಅಡುಗೆಮನೆಯಿಂದ ಹೇಳುವುದು: “ಬರ್ರಿ, ಅನ್ನ ಆರಾಕತ್ತೈತಿ. ನನಗಂತೂ ಬ್ಯಾಡ, ನೀವರ ಉಣ್ರಿ.” ಅಕ್ಕನ ದನಿಯಲ್ಲೇ ಕೇಳುತ್ತದೆ. ಎರಡು ಸಲ ಮಗಳ ನಂಬರ್ ಒತ್ತಿ ಕಟ್ ಮಾಡಿದೆ. ಅದು ಅಕ್ಕ ಬರೆದದ್ದೋ ನಾನು ಕಟ್ಟಿದ್ದೋ ತಿಳಿಯುವ ದಾರಿ ನನಗಿಲ್ಲ. ಇದ್ದ ದಾರಿಯನ್ನು ರದ್ದಿಗೆ ಹಾಕಿದವನು ನಾನೇ. ಆ ಬಿಳಿ ಹಾಳೆಯ ಮೇಲೆ ನನ್ನ ಅಕ್ಷರ ಬೀಳದಿರಲಿ.