ಬೆರಳು ತಗೀ, ತಂಗಿ

ಕೆಳಗಿನ ಮನೆಯ ಕಾಕಾ ರೈಲ್ವೆಯ ವೈರ್‌ಲೆಸ್ ವಿಭಾಗದಲ್ಲಿ ದುಡಿದವರು. ನಾವಿದ್ದ ಮದರಾಸು ಚೆನ್ನೈ ಆದರೂ ಅವರ ಬಾಯಲ್ಲಿ ಮಾತ್ರ ನಮ್ಮ ಧಾರವಾಡದ ಕನ್ನಡವೇ. ಚಂಡಮಾರುತಕ್ಕೆ ಫೋನು ಸತ್ತರೆ ಬೇಕಾಗುತ್ತದೆಂದು ಭಾನುವಾರ ಬೆಳಿಗ್ಗೆ ನನಗೆ ವಾಕಿಟಾಕಿ ಕಲಿಸುತ್ತಿದ್ದರು. ಮಾತಾಡುವಾಗ ಗುಂಡಿ ಒತ್ತಬೇಕು, ಕೇಳುವಾಗ ಬಿಡಬೇಕು. ನಾನು ಬಿಡಲು ಮರೆತರೆ ಪೆನ್ಸಿಲಿನಿಂದ ಹೆಬ್ಬೆರಳಿಗೆ ಕುಟ್ಟುತ್ತಿದ್ದರು. "ಬೆರಳು ತಗೀ, ತಂಗಿ. ಒತ್ತಿ ಹಿಡದ್ರ ನಿನಗೇನೂ ಕೇಳಸೂದಿಲ್ಲ."

ಎರಡು ಸಾವಿರದ ನಾಲ್ಕರ ಕೊನೆಯ ಭಾನುವಾರ ಅವರು ಒಂದು ಸೆಟ್ಟು ಹಿಡಿದು ನಮ್ಮ ತಾರಸಿಯ ಮೇಲಿದ್ದರು, ನಾನು ಇನ್ನೊಂದು ಹಿಡಿದು ಬೆಸೆಂಟ್ ನಗರದ ಕಡಲತೀರದ ಮರಳಿನ ಮೇಲೆ. ನೀರು ದೋಣಿಗಳವರೆಗೆ ಒಮ್ಮೆ ಏರಿ, ಆಮೇಲೆ ಎಂದೂ ಕಾಣದಷ್ಟು ದೂರ ಹಿಂದೆ ಸರಿದಿತ್ತು. ಬಯಲಾದ ಮರಳಲ್ಲಿ ಒದ್ದಾಡುವ ಮೀನುಗಳನ್ನು ನಾನು ಗುಂಡಿ ಒತ್ತಿ ಹಿಡಿದು ವರ್ಣಿಸುತ್ತಲೇ ಇದ್ದೆ.

ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು. ಕಾಕಾ! ಬರಿಗಾಲು, ಕೈಯಲ್ಲಿ ಸೆಟ್ಟು. ಓಡಿ ಬಂದು ಮನೆಯ ಮೆಟ್ಟಿಲು ಹತ್ತಿ ತಿರುಗಿ ನೋಡಿದರೆ, ನಾವು ಈಗಷ್ಟೇ ಓಡಿದ್ದ ರಸ್ತೆಯಲ್ಲಿ ದೋಣಿಯೊಂದು ಅಡ್ಡಡ್ಡ ತೇಲಿ ಬರುತ್ತಿತ್ತು.

"ನೀವು ಕೂಗಿದ್ದು ನನಗ ಕೇಳಸ್ಲೇ ಇಲ್ರಿ ಕಾಕಾ," ಎಂದೆ. "ನಾ ಬೆರಳು ತಗೀಲೇ ಇಲ್ಲ."

ಅವರು ನನ್ನತ್ತ ನೋಡಲಿಲ್ಲ. ಸೆಟ್ಟನ್ನು ಬಾಯಿಗೆ ಹಿಡಿದು, ಪಕ್ಕದಲ್ಲೇ ನಿಂತ ನನಗೆ, ಒಡೆದ ದನಿಯಲ್ಲಿ ಇನ್ನೂ ಹೇಳುತ್ತಲೇ ಇದ್ದರು: "ಓಡು ತಂಗಿ, ಓಡು." ಗುಂಡಿಯ ಮೇಲೆ ಅವರ ಹೆಬ್ಬೆರಳು ಬಿಳಿಚಿಕೊಂಡಿತ್ತು.

ನಾನೇ ಅದನ್ನು ಮೆಲ್ಲಗೆ ಬಿಡಿಸಿದೆ.